ಸಸ್ಯ ಸಂಘದ ಹಳೆಯ ಕಡತಗಳನ್ನು ಊರೂರಿಗೆ ಒಯ್ಯೋಣವೇ?

ಮಲೆನಾಡ ತೋಟಿಗ

ನಮ್ಮ ತಾಲ್ಲೂಕಿನ ತೋಟಗಾರಿಕಾ ಸಂಘದ ಕಚೇರಿಯಲ್ಲಿ ಎರಡು ಕಬ್ಬಿಣದ ಬೀರುಗಳಿವೆ. ಒಂದರಲ್ಲಿ ಸಭೆಯ ನಡಾವಳಿ ಪುಸ್ತಕಗಳು, ಫಲಪುಷ್ಪ ಪ್ರದರ್ಶನದ ಬಹುಮಾನ ಪಟ್ಟಿಗಳು, ಬೀಜದ ಬೆಲೆಪಟ್ಟಿಗಳು ಇವೆ. ಇನ್ನೊಂದರಲ್ಲಿ ಫೋಟೋಗಳು, ಲಾಲ್‌ಬಾಗಿನಿಂದ ಬಂದ ಪತ್ರಗಳು, ಹಿರಿಯ ಸದಸ್ಯರೊಬ್ಬರು ಒಣಗಿಸಿ ಹಾಳೆಗೆ ಅಂಟಿಸಿಟ್ಟ ಗಿಡಗಳು. ಕಾರ್ಯಕಾರಿ ಸಮಿತಿಯವರನ್ನು ಬಿಟ್ಟರೆ ಇವನ್ನು ನೋಡಿದವರು ಯಾರೂ ಇಲ್ಲ. ಸಮಿತಿಯವರಲ್ಲಿಯೂ ಹೆಚ್ಚಿನವರು ನೋಡಿಲ್ಲ.

ಈ ಕಾಗದಗಳ ಪ್ರತಿಗಳನ್ನು ಮಾಡಿ, ಸಣ್ಣದೊಂದು ಸಂಚಾರಿ ಪ್ರದರ್ಶನವಾಗಿ ಊರೂರಿಗೆ ಒಯ್ಯಬೇಕೆಂಬುದು ನನ್ನ ಆಸೆ. ಶಾಲೆ, ಗ್ರಂಥಾಲಯ, ಜಾತ್ರೆ, ತೋಟಗಾರಿಕೆ ಇಲಾಖೆಯ ನರ್ಸರಿ, ಎಲ್ಲಿ ಗೋಡೆ ಸಿಕ್ಕರೆ ಅಲ್ಲಿ. ನಮ್ಮಲ್ಲಿ ಸಸ್ಯ ಸಂಘಗಳ ಇತಿಹಾಸವೆಂದರೆ ಬೆಂಗಳೂರಿನ ಇತಿಹಾಸವೆಂದೇ ಆಗಿಬಿಟ್ಟಿದೆ. ಮೈಸೂರು ಉದ್ಯಾನ ಕಲಾ ಸಂಘ 1912ರಲ್ಲಿ ಹುಟ್ಟಿತು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಗಳು ಇನ್ನೂರನ್ನು ದಾಟಿವೆ. ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ ಲಕ್ಷಾಂತರ ಜನ ಗಾಜಿನ ಮನೆಯ ಮುಂದೆ ಸಾಲುಗಟ್ಟುತ್ತಾರೆ. ಆದರೆ ಆ ಲಕ್ಷಾಂತರ ಜನ ಬೆಳೆಸುವ ಗಿಡಗಳು, ಬಳಸುವ ಕಸಿ ವಿಧಾನಗಳು, ತಿನ್ನುವ ತರಕಾರಿಗಳು ಜಿಲ್ಲೆಗಳಿಗೆ ಹೇಗೆ ಬಂದವು ಎಂಬುದರ ದಾಖಲೆ ಇರುವುದು ನಮ್ಮಂಥ ಸಣ್ಣ ಸಂಘಗಳ ಬೀರುಗಳಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮಲ್ಲಿ ಅಂಗೈ ಅಗಲದ ಒಂದು ಬಹುಮಾನದ ಚೀಟಿ ಇದೆ. ದಪ್ಪ ರಟ್ಟು, ನಾಲ್ಕೂ ಮೂಲೆಗಳಲ್ಲಿ ಗುಂಡುಪಿನ್ನಿನ ತುಕ್ಕಿನ ಕಲೆ. ಮೇಲ್ಭಾಗದಲ್ಲಿ ಅಚ್ಚಾದ ಇಂಗ್ಲಿಷ್ ಅಕ್ಷರಗಳು, ಅದರ ಕೆಳಗೆ ಕನ್ನಡದಲ್ಲಿ ಶಾಯಿಯ ಬರಹ: ಕುಂಡದ ಗಿಡಗಳ ವಿಭಾಗ, ಕ್ರೋಟನ್, ಎರಡನೇ ಬಹುಮಾನ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬೇರೊಬ್ಬರ ಕೈಬರಹ: "ಗೊಬ್ಬರ ಹೆಚ್ಚಾಯಿತು, ಬಣ್ಣ ಬರಲಿಲ್ಲ." ತೀರ್ಪುಗಾರರು ಬರೆದದ್ದೋ ಗಿಡದ ಒಡೆಯರು ಬರೆದದ್ದೋ, ಆ ಒಂದು ಸಾಲು ಇವತ್ತಿಗೂ ಕ್ರೋಟನ್ ಬೆಳೆಸುವವರಿಗೆ ಪಾಠ. ಸಾರಜನಕ ಹೆಚ್ಚಾದರೆ ಎಲೆ ಹಸಿರಾಗಿ ಉಬ್ಬುತ್ತದೆ, ಕೆಂಪು ಹಳದಿ ಮಂಕಾಗುತ್ತವೆ. ಈ ಚೀಟಿ ಬೀರುವಿನಲ್ಲಿ ಮಲಗಿರುವುದು ನನಗೆ ಸರಿ ಕಾಣುವುದಿಲ್ಲ.

ಏನನ್ನು ಆರಿಸಬೇಕು, ಹೇಗೆ ಒಯ್ಯಬೇಕು, ಯಾವ ಊರುಗಳಿಗೆ ಮೊದಲು ಹೋಗಬೇಕು? ಅನುಭವ ಇರುವವರು ದಯವಿಟ್ಟು ಬಿಚ್ಚು ಮನಸ್ಸಿನಿಂದ ಹೇಳಿ.

ಲಾಲ್‌ಬಾಗ್ ಮುಂಜಾವು

ತುಂಬ ಒಳ್ಳೆಯ ಯೋಚನೆ, ಮತ್ತು ತಡ ಮಾಡಬಾರದ ಕೆಲಸ. ತಡವಾದರೆ ಏನಾಗುತ್ತದೆ ಎಂಬುದಕ್ಕೆ ಲಾಲ್‌ಬಾಗೇ ಸಾಕ್ಷಿ. 1830ರ ದಶಕದಲ್ಲಿ ಮೈಸೂರಿನ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಅವರ ಆಡಳಿತದಲ್ಲಿ ತೋಟವನ್ನು ಕೃಷಿ ಮತ್ತು ತೋಟಗಾರಿಕಾ ಸಂಘವೊಂದಕ್ಕೆ ವಹಿಸಿದ್ದರು. ಆ ಸಂಘ ಹತ್ತು ವರ್ಷವೂ ಬಾಳಲಿಲ್ಲ, 1842ರಲ್ಲಿ ವಿಸರ್ಜನೆಯಾಯಿತು. ತೋಟ ಸರ್ಕಾರಿ ಸಸ್ಯೋದ್ಯಾನವಾದದ್ದು 1856ರಲ್ಲಿ. ದಿನಾಲೂ ಅಲ್ಲಿ ನಡೆಯಲು ಬರುವವರನ್ನು ಕೇಳಿ ನೋಡಿ, ಹೈದರಾಲಿ, ಟಿಪ್ಪು ಎಂದ ಮೇಲೆ ನೇರವಾಗಿ ಗಾಜಿನ ಮನೆಗೆ ಬರುತ್ತಾರೆ. ನಡುವೆ ಒಂದು ಸಂಘವಿತ್ತು ಎಂಬುದೇ ಜನರ ನೆನಪಿನಿಂದ ಅಳಿಸಿಹೋಗಿದೆ.

ಕಟ್ಟಡಗಳನ್ನೂ ನಂಬುವಂತಿಲ್ಲ. ಲಾಲ್‌ಬಾಗಿನ ಸೂಪರಿಂಟೆಂಡೆಂಟರಾಗಿದ್ದ ಜಿ.ಎಚ್. ಕೃಂಬಿಗಲ್ ಅವರು ತೋಟಗಾರಿಕೆಯ ಪಾಠ ಹೇಳುತ್ತಿದ್ದ ಉಪನ್ಯಾಸ ಭವನ 2017ರಲ್ಲಿ ಕುಸಿದುಬಿತ್ತು. ನಾವು ಕೆಲವರು ಮರುದಿನ ಹೋಗಿ ನೋಡಿದೆವು. ಮುಂಭಾಗದ ಅಲಂಕಾರದ ಗಾರೆ ತುಂಡುಗಳು ಹುಲ್ಲಿನ ಮೇಲೆ ಬಿದ್ದಿದ್ದವು. ಒಂದೇ ಕಡೆ ಒಂದೇ ಪ್ರತಿ ಇದ್ದರೆ ಯಾವ ದಾಖಲೆಗಾದರೂ ಅದೇ ಗತಿ.

ಇನ್ನೊಂದು ವಿಷಯ. ಪ್ರದರ್ಶನ ಮಾಡುವಾಗ ಚೆಲುವಯ್ಯ ರಾಜು ಅವರ ಹೆಸರನ್ನು ಮರೆಯಬೇಡಿ. ಕೃಂಬಿಗಲ್‌ಗಿಂತ ಮೊದಲು ಅದೇ ಹುದ್ದೆಯಲ್ಲಿದ್ದ ಜಾನ್ ಕ್ಯಾಮರಾನ್ ಮತ್ತು ಕೃಂಬಿಗಲ್ ಕಾಲದಲ್ಲಿ ಲಾಲ್‌ಬಾಗಿನ ಗಿಡಗಳನ್ನು ಜಲವರ್ಣದಲ್ಲಿ ಬಿಡಿಸಿದ ಕಲಾವಿದರು ಅವರು. ಕೃಂಬಿಗಲ್ ಹೆಸರಿನ ರಸ್ತೆ ಇದೆ, ಕಬ್ಬನ್ ಹೆಸರಿನ ಪಾರ್ಕ್ ಇದೆ. ಗಿಡದ ಒಂದೊಂದು ನರವನ್ನೂ ಕುಂಚದ ತುದಿಯಲ್ಲಿ ಹಿಡಿದ ಚೆಲುವಯ್ಯ ರಾಜು ಅವರನ್ನು ಬಲ್ಲವರು ಎಷ್ಟು ಮಂದಿ?

ತೋಟ ಮತ್ತು ತಂತ್ರಾಂಶ

ಕೆಲಸದ ಮೇಲೆ ಗೌರವವಿದೆ, ಆದರೆ ವಿಧಾನದ ಬಗ್ಗೆ ತಕರಾರಿದೆ. ಫಲಕ ಮುದ್ರಿಸಿ, ಪೆಟ್ಟಿಗೆಯಲ್ಲಿ ತುಂಬಿ, ಊರೂರು ಅಲೆಯುವುದಕ್ಕೆ ಹಣ, ಜನ, ಸಮಯ ಎಲ್ಲವೂ ಬೇಕು. ಅದೇ ಹಣದಲ್ಲಿ ಇಡೀ ಬೀರುವನ್ನೇ ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಇಟ್ಟರೆ ಪ್ರಪಂಚದ ಎಲ್ಲ ಮೂಲೆಗಳ ಕನ್ನಡಿಗರೂ ನೋಡಬಹುದು. ಇಪ್ಪತ್ತು ಫಲಕಗಳಲ್ಲಿ ಇಪ್ಪತ್ತು ಹಾಳೆ ಮಾತ್ರ ಹಿಡಿಸುತ್ತವೆ. ಉಳಿದ ಸಾವಿರಾರು ಹಾಳೆಗಳ ಗತಿ ಏನು? ಸಂಚಾರಿ ಪ್ರದರ್ಶನ ಹಳೆಯ ಕಾಲದ ಉಪಾಯ ಅನ್ನಿಸುತ್ತದೆ.

ಮಲೆನಾಡ ತೋಟಿಗ

ಸ್ಕ್ಯಾನ್ ಮಾಡಲೇಬೇಕು. ಅದಿಲ್ಲದೆ ಪ್ರತಿಯೂ ಇಲ್ಲ, ಫಲಕವೂ ಇಲ್ಲ. ಅಲ್ಲಿಯವರೆಗೆ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ.

ಆದರೆ ಅಂತರ್ಜಾಲದ ಸಂಗ್ರಹಕ್ಕೆ ಬರುವವರು ತಮಗೆ ಏನು ಬೇಕೆಂದು ಮೊದಲೇ ಗೊತ್ತಿರುವವರು. ಹುಡುಕುವ ಪದ ಗೊತ್ತಿದ್ದವರಿಗಷ್ಟೇ ಅದರ ಬಾಗಿಲು ತೆರೆಯುತ್ತದೆ. ನನಗೆ ಬೇಕಾದವರು ಬೇರೆ. ನಮ್ಮ ಫೋಟೋಗಳಲ್ಲಿ ಕುಂಡಗಳ ಹಿಂದೆ ನಿಂತಿರುವ ಕೆಲಸಗಾರರ ಮೊಮ್ಮಕ್ಕಳು, ಬಹುಮಾನ ಪಟ್ಟಿಯಲ್ಲಿ ಊರಿನ ಹೆಸರು ಮಾತ್ರ ಇರುವ ಹೆಣ್ಣುಮಕ್ಕಳ ಮನೆಯವರು, ಸಂಘ ಹಂಚಿದ ಕಸಿ ಸಸಿ ಇವತ್ತಿಗೂ ಹಿತ್ತಿಲಲ್ಲಿ ಫಲ ಕೊಡುತ್ತಿರುವ ರೈತರು. ಅವರು ಯಾವ ಜಾಲತಾಣಕ್ಕೂ ಬಂದು ನಮ್ಮ ಸಂಘದ ಹೆಸರನ್ನು ಹುಡುಕುವುದಿಲ್ಲ. ಸಂತೆಗೆ ಬಂದಾಗ ಗ್ರಂಥಾಲಯದ ಜಗುಲಿಯಲ್ಲಿ ಫಲಕ ಕಂಡರೆ ನಿಲ್ಲುತ್ತಾರೆ. ನಿಂತರೆ ಮಾತಾಡುತ್ತಾರೆ. ಬೀರುವಿನಲ್ಲಿ ಇಲ್ಲದ ಅರ್ಧ ದಾಖಲೆ ಅವರ ಬಾಯಲ್ಲಿದೆ, ಅದನ್ನು ಕೇಳಿ ಬರೆದುಕೊಳ್ಳುವುದಕ್ಕಾಗಿಯೇ ನಾವು ಹೋಗಬೇಕು.

ಪ್ರದರ್ಶನ ಎಂದರೆ ತೋರಿಸುವುದಷ್ಟೇ ಆದರೆ ನಿಮ್ಮ ತಕರಾರು ಸರಿ. ನನಗೆ ಅದು ಅರ್ಧ ಕೆಲಸ.

ಕಾಗದದ ಕಾವಲು

ದಾಖಲೆಗಳ ಸಂರಕ್ಷಣೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹೊರಡುವ ಮೊದಲು ಕೆಲವು ಮಾತು ಕೇಳಿಸಿಕೊಳ್ಳಿ.

ಮೂಲ ಪ್ರತಿ ಯಾವ ಕಾರಣಕ್ಕೂ ಬೀರು ಇರುವ ಊರು ಬಿಡಬಾರದು. "ಒಂದೇ ಒಂದು ಮೂಲ ಪತ್ರ ಇರಲಿ, ಜನಕ್ಕೆ ಅದರ ಘನತೆ ತಿಳಿಯುತ್ತದೆ" ಎಂದು ಯಾರಾದರೂ ಹೇಳುತ್ತಾರೆ, ಖಂಡಿತ ಹೇಳುತ್ತಾರೆ. ಒಪ್ಪಬೇಡಿ. ಜಲವರ್ಣ ಮತ್ತು ಶಾಯಿಯ ಕಾಗದಕ್ಕೆ ವಸ್ತುಸಂಗ್ರಹಾಲಯಗಳಲ್ಲಿ ಕೊಡುವ ಬೆಳಕು ಸುಮಾರು 50 ಲಕ್ಸ್. ಅದೂ ವರ್ಷದಲ್ಲಿ ಕೆಲವೇ ವಾರ. ಶಾಲೆಯ ಪಡಸಾಲೆಯಲ್ಲಿ ಹಗಲು ಹೊತ್ತಿನ ಬೆಳಕು ಅದರ ಹತ್ತಾರು ಪಟ್ಟು ಇರುತ್ತದೆ. ಬೆಳಕಿನಿಂದ ಹೋದ ಬಣ್ಣವನ್ನು ಯಾವ ಔಷಧಿಯೂ ಮರಳಿಸುವುದಿಲ್ಲ. ಜೊತೆಗೆ ಬಸ್ಸಿನ ಕುಲುಕಾಟ, ಮಳೆಗಾಲದ ತೇವ, ಬೆವರಿದ ಬೆರಳು. ನೂರು ವರ್ಷ ಬದುಕಿದ ಹಾಳೆ ಒಂದು ಪ್ರವಾಸದಲ್ಲಿ ಮುಗಿಯುತ್ತದೆ.

ನಡಾವಳಿ ಪುಸ್ತಕಗಳ ಕಾಗದವನ್ನು ಗಮನಿಸಿ. ಇಪ್ಪತ್ತನೆಯ ಶತಮಾನದ ಅಗ್ಗದ ಕಾಗದ ಮರದ ತಿರುಳಿನದು, ಅದರೊಳಗಿನ ಆಮ್ಲವೇ ಅದನ್ನು ತಿನ್ನುತ್ತದೆ. ಅಂಚು ಕಂದಾಗಿ, ಮಡಿಸಿದಲ್ಲಿ ಮುರಿಯುತ್ತಿದ್ದರೆ ಆ ಪುಸ್ತಕವನ್ನು ಮೊದಲು ಸ್ಕ್ಯಾನ್ ಮಾಡಿ. ಚಪ್ಪಟೆ ಗಾಜು ಒತ್ತುವ ಯಂತ್ರದ ಮೇಲೆ ಬೆನ್ನು ಮುರಿದು ಹರಡಬೇಡಿ. ಪುಸ್ತಕವನ್ನು ಅರ್ಧ ತೆರೆದು, ಎರಡು ಪಕ್ಕಕ್ಕೂ ಒರಗು ಕೊಟ್ಟು, ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಯಿರಿ. ಹರಿದ ಕಡೆ ಪಾರದರ್ಶಕ ಅಂಟುಪಟ್ಟಿ ಹಚ್ಚಬೇಡಿ. ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ, ಪಟ್ಟಿ ಉದುರಿದ ಮೇಲೂ ಕಲೆ ಉಳಿಯುತ್ತದೆ. ಗುಂಡುಪಿನ್ನು, ಸ್ಟೇಪಲ್ ತುಕ್ಕು ಹಿಡಿದಿದ್ದರೆ ಎಳೆಯದೆ ನಿಧಾನವಾಗಿ ಬಿಡಿಸಿ.

ಒಣ ಸಸ್ಯದ ಹಾಳೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹಳೆಯ ಕಾಲದಲ್ಲಿ ಹುಳ ಬೀಳದಿರಲೆಂದು ಅಂಥ ಹಾಳೆಗಳಿಗೆ ಪಾದರಸದ ಲವಣ ಸವರುವ ರೂಢಿ ಇತ್ತು. ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳ ಕೈಗೆ ಕೊಡಲೇಬೇಡಿ. ಗಾಳಿಯಾಡುವ ಕೋಣೆಯಲ್ಲಿ ಕೈಗವಸು ತೊಟ್ಟು ಫೋಟೋ ತೆಗೆಯಿರಿ.

ಕರಿಬೇವು ಒಗ್ಗರಣೆ

ಪಾದರಸದ ವಿಷಯ ಗೊತ್ತೇ ಇರಲಿಲ್ಲ. ನಮ್ಮ ಕಾಲೇಜಿನಲ್ಲಿ ಅಂಥ ಹಳೆಯ ಹಾಳೆಗಳ ಕಟ್ಟು ಇದೆ, ನಾಳೆಯೇ ವಿಭಾಗದವರಿಗೆ ತಿಳಿಸುತ್ತೇನೆ. ಧನ್ಯವಾದ.

ಫೋರ್ತ್ ನದಿಯ ಕನ್ನಡಿಗ

ನಾನಿರುವುದು ಎಡಿನ್‌ಬರಾದಲ್ಲಿ, ಊರು ಶಿವಮೊಗ್ಗ ಜಿಲ್ಲೆ. ಇಲ್ಲಿನ ರಾಯಲ್ ಬೊಟಾನಿಕ್ ಗಾರ್ಡನ್ನಿನ ಸಂಗ್ರಹದಲ್ಲಿ ಹ್ಯೂ ಕ್ಲೆಗಾರ್ನ್ ಮಾಡಿಸಿದ ಸಸ್ಯಚಿತ್ರಗಳಿವೆ. ಕ್ಲೆಗಾರ್ನ್ 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯರಾಗಿದ್ದರು. ದಿನಕ್ಕೊಂದು ಗಿಡವನ್ನು ನೋಡಿ ತಿಳಿಯಬೇಕೆಂಬ ನಿಯಮ ಇಟ್ಟುಕೊಂಡು, ಮರಾಠಾ ಚಿತ್ರಕಾರರೊಬ್ಬರಿಂದ ಅವುಗಳ ಚಿತ್ರ ಬರೆಸುತ್ತಿದ್ದರು. ಆಮೇಲೆ ಮದ್ರಾಸಿನ ತೋಟಗಾರಿಕಾ ಸಂಘದ ಕಾರ್ಯದರ್ಶಿಯಾದರು, 1856ರಲ್ಲಿ ಮದ್ರಾಸ್ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದರು.

ನಮ್ಮ ಊರಿನ ಸುತ್ತಲಿನ ಹಳ್ಳದ ದಂಡೆಯಲ್ಲಿ, ಕೋಟೆಯ ಗೋಡೆಯ ಬಿರುಕಿನಲ್ಲಿ ಬೆಳೆದ ಗಿಡಗಳು ಸಮುದ್ರ ದಾಟಿ ಇಲ್ಲಿಗೆ ಬಂದಿವೆ. ಶಿವಮೊಗ್ಗದ ಮಕ್ಕಳು ಅವನ್ನು ನೋಡಿಲ್ಲ. ನಿಮ್ಮ ಪ್ರದರ್ಶನದಲ್ಲಿ ಇಂಥ ಹೊರದೇಶದ ಸಂಗ್ರಹಗಳ ಪ್ರತಿಗಳಿಗೂ ಒಂದು ಜಾಗ ಇಡಿ ಎಂದು ಕೇಳಿಕೊಳ್ಳುತ್ತೇನೆ. ಇಂಥ ಸಂಸ್ಥೆಗಳಿಗೆ ಉದ್ದೇಶವನ್ನು ಸ್ಪಷ್ಟವಾಗಿ ಬರೆದು, ಯಾವ ಚಿತ್ರ, ಎಷ್ಟು ಅಳತೆ, ಎಲ್ಲಿ ತೋರಿಸುತ್ತೇವೆ ಎಂದು ತಿಳಿಸಿ ಕೇಳಬೇಕು. ಪತ್ರ ಬರೆಯುವ ಕೆಲಸ ನನಗೆ ಬಿಡಿ.

ತಡ ಮಾಡಬಾರದು ಎಂದು ಮೇಲೆ ಒಬ್ಬರು ಹೇಳಿದರು. ಲಂಡನ್ನಿನ ತೋಟಗಾರಿಕಾ ಸಂಘದ ಕಥೆಯನ್ನೂ ಕೇಳಿ. 1804ರಲ್ಲಿ ಹುಟ್ಟಿದ ಸಂಘ ಅದು, ಈಗ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಎಂದು ಜಗತ್ತಿಗೆಲ್ಲ ಪರಿಚಿತ. ಸಾಲದ ಹೊರೆ ತಾಳಲಾರದೆ 1859ರಲ್ಲಿ ತನ್ನ ಗ್ರಂಥಾಲಯವನ್ನೂ ಚೀನಾದ ಕಲಾವಿದರಿಂದ ಬರೆಸಿದ ಚಿತ್ರಗಳನ್ನೂ ಹರಾಜಿಗೆ ಹಾಕಿತು. ಕೆಲವನ್ನು ಎಷ್ಟೋ ಕಾಲದ ನಂತರ ಮರಳಿ ಕೊಂಡುಕೊಂಡರು. ಅಷ್ಟು ದೊಡ್ಡ ಸಂಘಕ್ಕೇ ಹೀಗಾದರೆ, ವರ್ಷದ ಚಂದಾ ಹಣದಲ್ಲಿ ಬಾಡಿಗೆ ಕಟ್ಟುವ ನಮ್ಮ ಸಂಘಗಳ ಬೀರುಗಳ ಬಗ್ಗೆ ಚಿಂತೆಯಾಗುತ್ತದೆ.

ಎಲೆಯ ನರ

ಧಾರವಾಡದಿಂದ, ಸಸ್ಯಶಾಸ್ತ್ರ ಕಲಿಸುತ್ತೇನೆ. ಫಲಕದ ಕೆಳಗಿನ ವಿವರಣೆಯ ಬಗ್ಗೆ ಯಾರೂ ಮಾತೆತ್ತಿಲ್ಲ. ಪ್ರದರ್ಶನ ಗೆಲ್ಲುವುದೂ ಸೋಲುವುದೂ ಅಲ್ಲಿಯೇ.

ಹಳೆಯ ಪಟ್ಟಿಗಳಲ್ಲಿರುವ ವೈಜ್ಞಾನಿಕ ಹೆಸರುಗಳು ಬಹಳಷ್ಟು ಈಗ ಚಲಾವಣೆಯಲ್ಲಿಲ್ಲ. ನಮ್ಮ ಹೊಂಗೆಯನ್ನೇ ನೋಡಿ. ಹಳೆಯ ಕ್ಯಾಟಲಾಗಿನಲ್ಲಿ ಅದು ಪೊಂಗಾಮಿಯಾ ಗ್ಲಾಬ್ರಾ. ಆಮೇಲೆ ಪೊಂಗಾಮಿಯಾ ಪಿನ್ನೇಟ ಆಯಿತು, ಕೆಲವರು ಮಿಲೆಷಿಯಾ ಪಿನ್ನೇಟ ಎನ್ನುತ್ತಾರೆ. ಮುತ್ತುಗ ಆಗ ಬ್ಯೂಟಿಯಾ ಫ್ರಾಂಡೋಸ, ಈಗ ಬ್ಯೂಟಿಯಾ ಮಾನೋಸ್ಪರ್ಮಾ. ದಾಖಲೆಯಲ್ಲಿ ಇದ್ದದ್ದನ್ನು ಹಾಗೆಯೇ ಕೊಟ್ಟು, ಪಕ್ಕದಲ್ಲಿ ಇಂದಿನ ಹೆಸರನ್ನೂ ಆ ಊರಿನಲ್ಲಿ ಕರೆಯುವ ಹೆಸರನ್ನೂ ಹಾಕಿ. ಊರಿನ ಹೆಸರಿಗೆ ಮಾತ್ರ ಜಾಗ ಖಾಲಿ ಬಿಟ್ಟು, ನೋಡಲು ಬಂದವರಿಂದಲೇ ತುಂಬಿಸಿ. ಕರಾವಳಿಯಲ್ಲಿ ಒಂದು ಹೆಸರು, ಬಯಲುಸೀಮೆಯಲ್ಲಿ ಇನ್ನೊಂದು ಇರುವ ಗಿಡಗಳು ನೂರಾರು. ನಾಲ್ಕು ಜಿಲ್ಲೆ ಸುತ್ತಿ ಬಂದರೆ ಆ ಖಾಲಿ ಜಾಗವೇ ಒಂದು ಹೊಸ ದಾಖಲೆಯಾಗುತ್ತದೆ.

ಹಿರಿಮೆಯನ್ನು ಮಾತ್ರ ತೋರಿಸಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ಸಸ್ಯ ಸಂಘಗಳೂ ಸಸ್ಯೋದ್ಯಾನಗಳೂ ನಮಗೆ ಸೀಮೆಬದನೆಯನ್ನು ಕೊಟ್ಟವು. ಮೆಕ್ಸಿಕೋ ಕಡೆಯ ಆ ಬಳ್ಳಿಯನ್ನು ಬೆಂಗಳೂರಿಗೆ ತಂದು ಹಬ್ಬಿಸಿದವರು ಕ್ಯಾಮರಾನ್. ಇವತ್ತು ಅದಿಲ್ಲದೆ ಎಷ್ಟೋ ಮನೆಗಳಲ್ಲಿ ಸಾಂಬಾರಿಲ್ಲ. ಆದರೆ ಚೆಂದದ ಬೇಲಿಗಿಡವೆಂದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತಾದ ಸಸ್ಯೋದ್ಯಾನಕ್ಕೆ ಬಂದ ಲಂಟಾನ ಇವತ್ತು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡಿನ ನೆಲವನ್ನೇ ಮುಚ್ಚಿದೆ. ಹುಲ್ಲು ಬೆಳೆಯುವುದಿಲ್ಲ, ಮರಗಳ ಸಸಿ ಏಳುವುದಿಲ್ಲ, ಜಿಂಕೆಗಳಿಗೆ ಮೇವಿಲ್ಲ. ಹೂವಿನ ಅಂದಕ್ಕೆ ಕೆರೆಗಳಿಗೆ ಬಿಟ್ಟ ನೀರಿನ ಹಯಸಿಂತ್ ಕೆರೆಗಳನ್ನು ಉಸಿರುಗಟ್ಟಿಸಿದೆ. ನಿಮ್ಮ ಸಂಘದ ಬೆಲೆಪಟ್ಟಿಗಳಲ್ಲಿ ಲಂಟಾನದ ಸಸಿ ಮಾರಾಟಕ್ಕಿದ್ದರೆ ಆ ಪುಟವನ್ನು ಮರೆಮಾಚದೆ ದೊಡ್ಡದಾಗಿ ಹಾಕಿ.

ಮಲೆನಾಡ ತೋಟಿಗ

ಲಂಟಾನ ಇದೆ. ಹಳದಿ ಮತ್ತು ಗುಲಾಬಿ, ಎರಡು ಬಗೆಯೂ ಪಟ್ಟಿಯಲ್ಲಿವೆ. ಹಾಕುತ್ತೇವೆ.

ಹೂವಿನ ಹೊಲ

ನಾನು ಬೆಂಗಳೂರಿನ ತಿಗಳರ ಮನೆತನದವಳು. ನಮ್ಮ ಹಿರಿಯರು ತಲೆತಲಾಂತರದಿಂದ ತೋಟದ ಕೆಲಸದಲ್ಲಿಯೇ ಬದುಕಿದವರು. ಲಾಲ್‌ಬಾಗಿನ ಮಣ್ಣಿನಲ್ಲಿ ನಮ್ಮ ಜನರ ಬೆವರು ಇಳಿದಿದೆ. ಪ್ರತಿ ಚೈತ್ರದಲ್ಲಿ ಕರಗ ಹೊರುವ ನಮ್ಮ ಸಮುದಾಯವನ್ನು ಊರೆಲ್ಲ ನೋಡುತ್ತದೆ, ತೋಟ ಕಟ್ಟಿದ ಕೈಗಳೆಂದು ನೋಡುವವರು ಕಡಿಮೆ.

ಸಂಘಗಳ ದಾಖಲೆಗಳಲ್ಲಿ ಅಧ್ಯಕ್ಷರ ಹೆಸರಿರುತ್ತದೆ, ಬಹುಮಾನ ಪಡೆದ ಬಂಗಲೆಯ ಯಜಮಾನರ ಹೆಸರಿರುತ್ತದೆ. ಗುಲಾಬಿಗೆ ಕಣ್ಣು ಕಸಿ ಮಾಡಿದವರು, ಚಳಿಗಾಲದ ಬೆಳಗಿನ ಜಾವ ಎದ್ದು ನೀರು ಹಾಕಿದವರು, ಪ್ರದರ್ಶನದ ಹಿಂದಿನ ರಾತ್ರಿ ಕುಂಡಗಳನ್ನು ಗಾಡಿಯಲ್ಲಿ ಸಾಗಿಸಿದವರು "ಮಾಲಿ" ಎಂಬ ಒಂದೇ ಪದದೊಳಗೆ ಮುಚ್ಚಿಹೋಗಿದ್ದಾರೆ. ತೋಟಿಗರೇ, ಕುಂಡಗಳ ಹಿಂದೆ ನಿಂತಿರುವ ಕೆಲಸಗಾರರ ಬಗ್ಗೆ ನೀವು ಮೇಲೆ ಹೇಳಿದ್ದೀರಿ. ಆ ಫೋಟೋವನ್ನು ಅಂಚೆಚೀಟಿಯಷ್ಟು ಹಾಕಿ ಮುಗಿಸಬೇಡಿ, ಮುಖ ಗುರುತು ಸಿಗುವಷ್ಟು ದೊಡ್ಡದು ಮಾಡಿ. ಪಕ್ಕದಲ್ಲಿ ಒಂದು ಬರಹ ಇರಲಿ: "ಇವರು ಯಾರೆಂದು ಬಲ್ಲಿರಾ?" ನಮ್ಮ ಕಡೆಯಲ್ಲಂತೂ ಹಿರಿಯರು ಮುಖ ನೋಡಿಯೇ ಮನೆತನ ಹೇಳುತ್ತಾರೆ. ಕೂದಲು ಕಟ್ಟಿದ ರೀತಿ, ಪೇಟದ ಸುತ್ತು, ನಿಂತ ಭಂಗಿ, ಇಷ್ಟು ಸಾಕು.

ಹೆಸರು ಸಿಕ್ಕ ಮೇಲೆ ಆ ಮನೆಯವರ ಒಪ್ಪಿಗೆ ಪಡೆದು ಮುಂದಿನ ಊರಿನ ಫಲಕದಲ್ಲಿ ಅದನ್ನು ಬರೆಯಿರಿ. ಹೆಸರು ಸೇರುತ್ತಾ ಹೋಗಬೇಕು. ಮೊದಲ ಊರಿನಲ್ಲಿ ಇದ್ದ ಹಾಗೆಯೇ ಕೊನೆಯ ಊರಿನಲ್ಲಿಯೂ ಇದ್ದರೆ ಪ್ರದರ್ಶನ ಯಾರ ಮಾತನ್ನೂ ಕೇಳಿಸಿಕೊಂಡಿಲ್ಲ ಎಂದೇ ಅರ್ಥ.

ಲಾಲ್‌ಬಾಗ್ ಮುಂಜಾವು

ಈ ಮಾತಿಗಾಗಿ ನಿಮಗೆ ನಮಸ್ಕಾರ. ಇಷ್ಟು ವರ್ಷ ಆ ತೋಟದಲ್ಲಿ ನಡೆದರೂ ನಾವು ನಡಿಗೆಗಾರರು ನಮ್ಮ ನಡುವೆ ಮಾತಾಡುವುದೆಲ್ಲ ಸೂಪರಿಂಟೆಂಡೆಂಟರ ಬಗ್ಗೆಯೇ. ವಿಲಿಯಂ ನ್ಯೂ, ಕ್ಯಾಮರಾನ್, ಕೃಂಬಿಗಲ್, ಜವರಾಯ, ಮರಿಗೌಡ. ಫಲಕಗಳ ಸಾಲು ಅವರಿಂದಲ್ಲ, ನೀವು ಹೇಳಿದ ಫೋಟೋದಿಂದ ಶುರುವಾಗಬೇಕು.

ಕರಿಹಲಗೆ

ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಸಂಚಾರಿ ವಿಜ್ಞಾನ ಪ್ರದರ್ಶನದ ಬಸ್ಸು ನಮ್ಮ ಶಾಲೆಗೆ ಬಂದಿತ್ತು. 1965ರಲ್ಲಿ ಬಂಗಾಳದಲ್ಲಿ ಶುರುವಾದ ಆ ಯೋಜನೆ ಈಗಲೂ ದೇಶದ ಹಳ್ಳಿಗಳಲ್ಲಿ ನಡೆಯುತ್ತಿದೆ ಎಂದರೆ, ಸಂಚಾರಿ ಪ್ರದರ್ಶನ ಹಳೆಯ ಉಪಾಯ ಎಂಬ ಮಾತಿಗೆ ಉತ್ತರ ಅಲ್ಲಿಯೇ ಇದೆ. ಬಸ್ಸು ಆವರಣಕ್ಕೆ ಬಂದ ದಿನ ಮಕ್ಕಳು ಊಟದ ಗಂಟೆ ಹೊಡೆದರೂ ಕದಲಲಿಲ್ಲ. ನಾವು ಪಾಠದಲ್ಲಿ ಹತ್ತು ಸಲ ಹೇಳಿದ್ದನ್ನು ಒಂದು ಹಿಡಿಕೆ ತಿರುಗಿಸಿ ಅರಿತುಕೊಂಡರು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ಕೂಡ 1952ರಿಂದ ಪ್ರದರ್ಶನಗಳನ್ನು ಊರೂರಿಗೆ ಕಳಿಸುತ್ತಿದೆ, 1994ರಿಂದ ಸಣ್ಣ ಪಟ್ಟಣಗಳಿಗೆಂದೇ ಬೇರೆ ಯೋಜನೆ ಇಟ್ಟುಕೊಂಡಿದೆ.

ನಮ್ಮಂಥ ಶಾಲೆಯಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂದು ಹೇಳುತ್ತೇನೆ. ಗೋಡೆಗೆ ಮೊಳೆ ಹೊಡೆಯಲು ಬಿಡುವುದಿಲ್ಲ, ಆದ್ದರಿಂದ ಫಲಕ ತಾನಾಗಿ ನಿಲ್ಲಬೇಕು ಅಥವಾ ಕಿಟಕಿ ಸರಳಿಗೆ ಹಗ್ಗದಿಂದ ಕಟ್ಟುವಂತಿರಬೇಕು. ಚಿತ್ರದ ನಡುಭಾಗ ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿದ್ದರೆ ಆರನೇ ತರಗತಿಯ ಮಕ್ಕಳಿಗೂ ದೊಡ್ಡವರಿಗೂ ಸರಿಹೋಗುತ್ತದೆ. ಫ್ಲೆಕ್ಸ್ ಬೇಡ. 2016ರಲ್ಲಿಯೇ ನಮ್ಮ ರಾಜ್ಯದಲ್ಲಿ ಅದಕ್ಕೆ ನಿಷೇಧ ಬಂದಿದೆ, ಗಿಡಗಳ ಬಗೆಗಿನ ಪ್ರದರ್ಶನ ಪ್ಲಾಸ್ಟಿಕ್ ಹಾಳೆಯ ಮೇಲೆ ಬರುವುದು ಶೋಭೆಯೂ ಅಲ್ಲ. ಹತ್ತಿ ಬಟ್ಟೆಯ ಮೇಲೆ ಮುದ್ರಿಸಿ, ಮೇಲೆ ಕೆಳಗೆ ಬಿದಿರಿನ ಕೋಲು ಹಾಕಿ. ಸುತ್ತಿದರೆ ಕೊಳವೆಯಾಗುತ್ತದೆ, ಸುಕ್ಕಾದರೆ ಇಸ್ತ್ರಿ ಹಾಕಬಹುದು, ಬಸ್ಸಿನ ಕೆಳಗಿನ ಸಾಮಾನು ಕೋಣೆಯಲ್ಲಿ ಆರಾಮವಾಗಿ ಹೋಗುತ್ತದೆ. ಕೆಎಸ್ಆರ್‌ಟಿಸಿಯ ಸರಕು ಸೇವೆಯಲ್ಲಿ ಕಳಿಸಿದರೆ ಜೊತೆಗೆ ಒಬ್ಬರು ಹೋಗಲೇಬೇಕೆಂದಿಲ್ಲ, ಬಸ್ ನಿಲ್ದಾಣದಲ್ಲಿ ನಾವೇ ಇಳಿಸಿಕೊಳ್ಳುತ್ತೇವೆ.

ಅಕ್ಷರ ಕಡಿಮೆ ಇರಲಿ. ಒಂದು ಫಲಕಕ್ಕೆ ನಲವತ್ತು ಐವತ್ತು ಪದ ಸಾಕು. ಉಳಿದದ್ದನ್ನು ಶಿಕ್ಷಕರಿಗೆ ಬೇರೆ ಪುಸ್ತಿಕೆಯಾಗಿ ಕೊಡಿ. ಪ್ರದರ್ಶನ ಒಂದು ದಿನದ್ದಾದರೆ ಜಾತ್ರೆಯಂತಾಗುತ್ತದೆ. ಕನಿಷ್ಠ ಒಂದು ವಾರ ಬಿಟ್ಟರೆ ಮಕ್ಕಳು ಮನೆಗೆ ಹೋಗಿ ಅಜ್ಜಿಯನ್ನು ಕೇಳಿಬಂದು ಆ ಖಾಲಿ ಜಾಗಗಳನ್ನು ತುಂಬುತ್ತಾರೆ.

ಕಣ್ಣುಕಸಿ

ಇಪ್ಪತ್ತು ಗುಂಟೆಯ ನರ್ಸರಿ ನಡೆಸುತ್ತೇನೆ. ಓದು ಕಡಿಮೆ, ಕೈಕೆಲಸ ಗೊತ್ತು. ಕಾಗದದ ಪಕ್ಕದಲ್ಲಿ ಗಿಡ ಇರಲಿ ಎಂಬುದಷ್ಟೇ ನನ್ನ ಮಾತು. ಬಹುಮಾನದ ಚೀಟಿಯ ಫಲಕದ ಕೆಳಗೆ ಎರಡು ಕ್ರೋಟನ್ ಕುಂಡ ಇಡಿ, ಒಂದಕ್ಕೆ ಗೊಬ್ಬರ ಜಾಸ್ತಿ ಹಾಕಿದ್ದು, ಇನ್ನೊಂದಕ್ಕೆ ಹದವಾಗಿ ಹಾಕಿ ಬಿಸಿಲು ಕೊಟ್ಟಿದ್ದು. ಪೆನ್ಸಿಲಿನಲ್ಲಿ ಬರೆದ ಸಾಲು ಏನು ಹೇಳುತ್ತಿದೆ ಎಂದು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಕುಂಡಗಳನ್ನು ಬಸ್ಸಿನಲ್ಲಿ ಸಾಗಿಸಬೇಡಿ. ಹೋದ ಊರಿನ ನರ್ಸರಿಯಿಂದಲೇ ಎರವಲು ಪಡೆಯಿರಿ, ಅವರಿಗೂ ನಾಲ್ಕು ಗಿರಾಕಿ ಸಿಗುತ್ತಾರೆ.

ಊರುಗಳ ಬಗ್ಗೆ ಕೇಳಿದ್ದೀರಿ. ಮರಿಗೌಡರ ಕಾಲದಲ್ಲಿ ತಾಲ್ಲೂಕು ತಾಲ್ಲೂಕಿಗೆ ತೋಟಗಾರಿಕೆ ಕ್ಷೇತ್ರಗಳು ಬಂದವು. 1963ರಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆಯಾಗಿ, ಅದರ ಮೊದಲ ನಿರ್ದೇಶಕರು ಅವರೇ. ಬರಡು ನೆಲವನ್ನು ಆರಿಸಿ ಅಲ್ಲಿ ಹಣ್ಣಿನ ತೋಟ ಎಬ್ಬಿಸಿ ತೋರಿಸಿದರು ಎಂದು ನಮ್ಮ ತಂದೆ ಹೇಳುತ್ತಿದ್ದರು. ನಮ್ಮ ಮನೆಯ ಮೊದಲ ಸಪೋಟ ಕಸಿ ಅಂಥ ಕ್ಷೇತ್ರದಿಂದಲೇ ಬಂದದ್ದು. ಆ ಕ್ಷೇತ್ರಗಳಿಗೆ ಸಸಿ ಕೊಳ್ಳಲು ರೈತರು ಹೇಗೂ ಬರುತ್ತಾರೆ. ಅದಕ್ಕಿಂತ ಒಳ್ಳೆಯ ಗೋಡೆ ನಿಮಗೆ ಎಲ್ಲಿ ಸಿಗಬೇಕು? ದೊಡ್ಡ ಜಾಗ ಬೇಕಾದರೆ ದಾವಣಗೆರೆಯಲ್ಲಿ ಗಾಜಿನ ಮನೆ ಇದೆ, ತುಮಕೂರಿನಲ್ಲಿಯೂ ಇದೆ. ಮೈಸೂರಿನ ಕುಪ್ಪಣ್ಣ ಪಾರ್ಕಿನಲ್ಲಿ ದಸರಾ ಹೊತ್ತಿಗೆ ಫಲಪುಷ್ಪ ಪ್ರದರ್ಶನ ನಡೆಯುತ್ತದೆ, ಅಲ್ಲಿ ಒಂದು ಮೂಲೆ ಕೇಳಿ.

ತೋಟ ಮತ್ತು ತಂತ್ರಾಂಶ

ಎಲ್ಲವನ್ನೂ ಓದಿದೆ. ಫೋಟೋದಲ್ಲಿರುವ ಕೆಲಸಗಾರರ ಗುರುತು ಹಿಡಿಯುವುದು ಮತ್ತು ಊರಿನ ಹೆಸರುಗಳನ್ನು ತುಂಬಿಸುವುದು ಅಂತರ್ಜಾಲದಿಂದ ಆಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಊರಿನಲ್ಲಿ ಸಿಕ್ಕ ಮಾಹಿತಿ ಮತ್ತೆ ಬೀರುವಿಗೇ ಹೋಗಿ ಕೂರಬಾರದು. ಪ್ರತಿ ಹಾಳೆಗೂ ಒಂದು ಸಂಖ್ಯೆ ಕೊಡಿ. ಫಲಕದಲ್ಲಿಯೂ ಸ್ಕ್ಯಾನ್‌ನಲ್ಲಿಯೂ ಜನ ತುಂಬಿದ ಚೀಟಿಯಲ್ಲಿಯೂ ಅದೇ ಸಂಖ್ಯೆ ಇರಲಿ. ಚೀಟಿಗಳ ವಿವರವನ್ನು ಆ ಸಂಖ್ಯೆಗೆ ಜೋಡಿಸುವ ಕೆಲಸ ನಾನು ಮಾಡಿಕೊಡುತ್ತೇನೆ. ಸ್ಕ್ಯಾನ್ ಅಂಗುಲಕ್ಕೆ 400 ಬಿಂದುಗಳಿಗಿಂತ ಕಡಿಮೆ ಬೇಡ, ಬಹುಮಾನದ ಚೀಟಿಯಂಥ ಸಣ್ಣದಕ್ಕೆ 600 ಇರಲಿ. ಅದನ್ನು ಮೂರು ಅಡಿಗೆ ಹಿಗ್ಗಿಸಬೇಕಲ್ಲವೇ?

ಹಕ್ಕುಸ್ವಾಮ್ಯವನ್ನೂ ನೋಡಿಕೊಳ್ಳಿ. ನಮ್ಮ ಕಾಯ್ದೆಯಲ್ಲಿ ಬರಹ ಮತ್ತು ಚಿತ್ರಗಳಿಗೆ ಕರ್ತೃ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ, ಫೋಟೋಗಳಿಗೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಖಾಸಗಿ ಪತ್ರಗಳನ್ನು ಬರೆದವರ ಕುಟುಂಬದವರು ಇದ್ದರೆ ಕಾಯ್ದೆ ಏನೇ ಹೇಳಲಿ, ಒಮ್ಮೆ ಕೇಳುವುದು ಮರ್ಯಾದೆ.

ಕಾಗದದ ಕಾವಲು

ಸಂಖ್ಯೆಯನ್ನು ಮೂಲ ಹಾಳೆಯ ಮೇಲೆ ಶಾಯಿಯಲ್ಲಿ ಬರೆಯಬೇಡಿ. ಮೆತ್ತನೆಯ ಪೆನ್ಸಿಲಿನಲ್ಲಿ, ಹಿಂಬದಿಯ ಕೆಳಮೂಲೆಯಲ್ಲಿ, ಒತ್ತದೆ ಬರೆಯಿರಿ.

ಮಲೆನಾಡ ತೋಟಿಗ

ಇಷ್ಟು ದೊರೆಯುತ್ತದೆ ಎಂದು ನಿರೀಕ್ಷಿಸಿರಲಿಲ್ಲ. ಇಂದಿನ ಸಮಿತಿ ಸಭೆಯಲ್ಲಿ ಈ ಚರ್ಚೆಯನ್ನು ಓದಿದೆ. ಮೂಲ ಪ್ರತಿ ಹೊರಹೋಗಬಾರದು ಎಂಬುದಕ್ಕೆ ಒಬ್ಬ ಹಿರಿಯರು ಮಾತ್ರ ಬೇಸರಪಟ್ಟರು. ಅವರ ತಂದೆಯವರ ಕೈಬರಹದ ಪುಸ್ತಕ ಅದರಲ್ಲಿದೆ, ಜನ ಅದನ್ನು ಕಣ್ಣಾರೆ ನೋಡಲಿ ಎಂಬ ಆಸೆ. ಪುಸ್ತಕದ ಪುಟ ಮುಟ್ಟಿದರೆ ಉದುರುವ ಸ್ಥಿತಿಯಲ್ಲಿದೆ ಎಂದು ತೋರಿಸಿದ ಮೇಲೆ ಒಪ್ಪಿದರು. ಅವರ ತಂದೆಯ ಪುಟವನ್ನು ನಿಜ ಅಳತೆಯಲ್ಲಿ, ಕಲೆ ಸಹಿತ, ಹತ್ತಿ ಕಾಗದದ ಮೇಲೆ ಮುದ್ರಿಸಿ ಪುಸ್ತಕವಾಗಿಯೇ ಹೊಲಿಸಿ ಒಯ್ಯುತ್ತೇವೆ, ನೋಡಲು ಬಂದವರು ಪುಟ ತಿರುವಬಹುದು.

ಹದಿನಾರು ಬಟ್ಟೆ ಫಲಕಗಳಿಂದ ಶುರು ಮಾಡುವುದೆಂದು ನಿರ್ಧಾರವಾಗಿದೆ. ಮೊದಲನೆಯದು ಕೆಲಸಗಾರರ ಫೋಟೋ. ಕ್ರೋಟನ್ ಚೀಟಿಯ ಎರಡೂ ಬದಿ, ಲಂಟಾನದ ಬೆಲೆಪಟ್ಟಿ, ಒಣ ಸಸ್ಯದ ಹಾಳೆಗಳ ಫೋಟೋ, ಲಾಲ್‌ಬಾಗಿನ ಪತ್ರಗಳು ಇರುತ್ತವೆ. ಎಡಿನ್‌ಬರಾದಿಂದ ಒಪ್ಪಿಗೆ ಬಂದರೆ ಶಿವಮೊಗ್ಗದ ಚಿತ್ರಗಳಿಗೆ ಎರಡು ಫಲಕ ಸೇರಿಸುತ್ತೇವೆ, ಲಾಲ್‌ಬಾಗಿನವರಲ್ಲಿ ಚೆಲುವಯ್ಯ ರಾಜು ಅವರ ಚಿತ್ರಕ್ಕೂ ಮನವಿ ಬರೆಯುತ್ತೇವೆ. ಅಧ್ಯಕ್ಷರುಗಳ ಭಾವಚಿತ್ರದ ಸಾಲನ್ನು ಕೈಬಿಟ್ಟಿದ್ದೇವೆ. ಇದಕ್ಕೆ ಸಭೆಯಲ್ಲಿ ಬಹಳ ಹೊತ್ತು ಬೇಕಾಯಿತು, ನಾನು ಪಟ್ಟು ಬಿಡಲಿಲ್ಲ.

ನಮ್ಮ ಕಡೆ ಮಳೆ ಬಿಡುವವರೆಗೆ ಹೊರಡುವಂತಿಲ್ಲ, ಶಾಲೆಗಳಲ್ಲಿ ಮಾರ್ಚ್ ಹೊತ್ತಿಗೆ ಪರೀಕ್ಷೆ. ಆದ್ದರಿಂದ ನವೆಂಬರಿನಿಂದ ಫೆಬ್ರವರಿ ಮಧ್ಯದವರೆಗೆ ಮೊದಲ ಸುತ್ತು. ಕರಿಹಲಗೆಯವರೇ, ನಿಮ್ಮ ಶಾಲೆಯಿಂದ ಶುರುವಾಗಲಿ ಎಂದು ಎಲ್ಲರ ಅಭಿಪ್ರಾಯ. ಪಡಸಾಲೆಯ ಉದ್ದ ಮತ್ತು ಕಿಟಕಿ ಸರಳುಗಳ ನಡುವಿನ ಅಂತರ ಅಳೆದು ಹೇಳುತ್ತೀರಾ?

ಕರಿಹಲಗೆ

ಪಡಸಾಲೆ ಅರವತ್ತು ಅಡಿ, ಆರು ಕಿಟಕಿಗಳು. ಹದಿನಾರು ಫಲಕ ಒಂದೇ ಸಾಲಿನಲ್ಲಿ ಹಿಡಿಸುತ್ತವೆ. ಮಧ್ಯಾಹ್ನದ ಮೇಲೆ ಪಶ್ಚಿಮದ ಬಿಸಿಲು ನೇರವಾಗಿ ಬೀಳುವುದರಿಂದ ಕೊನೆಯ ನಾಲ್ಕನ್ನು ಒಳಗಿನ ಗೋಡೆಯ ಕಡೆಗೆ ತಿರುಗಿಸಬೇಕಾಗುತ್ತದೆ. ಹೊಲಿದ ಪುಸ್ತಕಕ್ಕೆ ಮೇಜು ನಮ್ಮಲ್ಲಿದೆ. ಚೀಟಿಗಳನ್ನು ಮಾತ್ರ ನೀವು ಹೆಚ್ಚಾಗಿಯೇ ಕಳಿಸಿ.